ನಗದು ಅಲ್ಲಿಗೆ, ಉದ್ರಿ ಇಲ್ಲಿಗೆ

ಭಾನುವಾರ ಸಂಜೆ ಹಾಸನದಿಂದ ಹಳೇಬೀಡಿಗೆ ಬರುವ ಬಸ್ಸು ಹತ್ತಿ ನೋಡಿ. ಸೀಟಿನ ಕೆಳಗೆ, ಕಾಲಿನ ಸಂದಿಯಲ್ಲಿ, ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ, ಎಲ್ಲಿ ನೋಡಿದರೂ ಉಬ್ಬಿದ ಚೀಲಗಳು. ಐದು ಲೀಟರ್ ಎಣ್ಣೆಯ ಕ್ಯಾನು, ಎರಡು ಕೊಂಡರೆ ಒಂದು ಬಿಟ್ಟಿ ಎಂದು ತಂದ ಬಟ್ಟೆಸೋಪಿನ ಕಟ್ಟು, ತೊಗರಿಬೇಳೆ, ಶಾಂಪೂ, ಮಕ್ಕಳ ಬಿಸ್ಕತ್ತು, ಬಚ್ಚಲು ತೊಳೆಯುವ ನೀಲಿ ಬಾಟಲಿ. ಮೊನ್ನೆ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು ಮೊಳದುದ್ದದ ಬಿಲ್ಲನ್ನು ಮೊಬೈಲಿನ ಬೆಳಕಿಗೆ ಹಿಡಿದು, ಕೊನೆಯ ಸಾಲು ಓದಿ, "ನಾನೂರ ಹನ್ನೆರಡು ರೂಪಾಯಿ ಉಳೀತು ನೋಡಿ ಅಣ್ಣ" ಎಂದರು. ಮುಖದಲ್ಲಿ ಗೆದ್ದು ಬಂದ ಸಂತೋಷ. ಆ ಸಂತೋಷ ಸುಳ್ಳಲ್ಲ. ಕೂಲಿ ಮಾಡಿ ಸಂಸಾರ ತೂಗಿಸುವವರಿಗೆ ನಾನೂರು ರೂಪಾಯಿ ಅಂದರೆ ಒಂದು ದಿನದ ಬೆವರು.

ಮಾರನೆ ಬೆಳಿಗ್ಗೆ ಹಳೇಬೀಡಿನಲ್ಲಿ ತಂಗಿಯ ಮನೆ ಎದುರಿನ ದಿನಸಿ ಅಂಗಡಿ ಮುಂದೆ ನಿಂತಿದ್ದೆ. ಯೂನಿಫಾರಂ ತೊಟ್ಟ ಹುಡುಗನೊಬ್ಬ ಓಡಿ ಬಂದು, "ಕಾಲು ಕೆಜಿ ಸಕ್ಕರೆ, ಒಂದು ಟೀ ಪುಡಿ. ಅಮ್ಮ ಬರ್ಕಳಿ ಅಂದವ್ರೆ" ಎಂದ. ಅಂಗಡಿಯವರು ಸಕ್ಕರೆ ತೂಗಿ ಕಟ್ಟಿದರು. ಗಲ್ಲಾಪೆಟ್ಟಿಗೆಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಎಳೆದುಕೊಂಡು, ಉದ್ದನೆಯ ಪುಸ್ತಕದಲ್ಲಿ ಆ ಮನೆಯ ಪುಟ ತೆಗೆದು ಬರೆದರು. ಪುಟ ತುಂಬಿ, ಹಿಂಬದಿ ತುಂಬಿ, ಅಂಚಿನಲ್ಲಿ ಅಡ್ಡಡ್ಡ ಬರೆಯುವ ಹಂತಕ್ಕೆ ಬಂದಿತ್ತು. ಹುಡುಗ ಹೋದ ಮೇಲೆ ಅವರು ಪುಸ್ತಕ ಮುಚ್ಚಲಿಲ್ಲ. ಆ ಪುಟವನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತರು.

ಆ ಹುಡುಗ ಬಸ್ಸಿನಲ್ಲಿ ಸಿಕ್ಕ ಹೆಣ್ಣುಮಗಳ ಮಗನೋ ಅಲ್ಲವೋ ನನಗೆ ಗೊತ್ತಿಲ್ಲ. ಆಗಬೇಕಾಗಿಯೂ ಇಲ್ಲ. ಅರಸೀಕೆರೆಯಲ್ಲಾಗಲಿ, ಬೇಲೂರಿನಲ್ಲಾಗಲಿ, ಹಳೇಬೀಡಿನಲ್ಲಾಗಲಿ, ಈಗ ಬಹುಪಾಲು ಮನೆಗಳು ನಡೆಯುತ್ತಿರುವುದು ಹೀಗೆಯೇ. ಸಂಬಳ ಬಂದ ವಾರ, ಕೊಬ್ಬರಿ ಮಾರಿದ ವಾರ, ಕಾಫಿ ತೋಟದ ಬಟವಾಡೆಯಾದ ವಾರ ಕೈಯಲ್ಲಿ ನಗದು ಇರುತ್ತದೆ. ಆ ನಗದು ಬಸ್ಸು ಹತ್ತಿ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಮಾರ್ಟ್‌ಗೆ ಹೋಗುತ್ತದೆ, ಇಲ್ಲವೇ ಕೂತಲ್ಲೇ ಮೊಬೈಲ್ ಒತ್ತಿದರೆ ಇನ್ನೂ ದೂರ ಹೋಗುತ್ತದೆ. ತಿಂಗಳ ಇಪ್ಪತ್ತನೇ ತಾರೀಖು ದಾಟಿ ಡಬ್ಬಿಯ ತಳ ಕಾಣಿಸಿದಾಗ ನೆನಪಾಗುವುದು ಬೀದಿ ಕೊನೆಯ ಅಂಗಡಿ. ನಗದು ಅಲ್ಲಿಗೆ, ಉದ್ರಿ ಇಲ್ಲಿಗೆ. ನಾನು ಈ ಬರಹ ಬರೆಯುತ್ತಿರುವುದು ಈ ಒಂದು ಅನ್ಯಾಯದ ಬಗ್ಗೆ. ಎಲ್ಲಿ ಅಗ್ಗ, ಎಲ್ಲಿ ತುಟ್ಟಿ ಎಂಬ ಚರ್ಚೆಯನ್ನು ಯಾರು ಬೇಕಾದರೂ ಮಾಡಲಿ. ಕಷ್ಟಕ್ಕೆ ಒಬ್ಬರು, ಸುಖಕ್ಕೆ ಇನ್ನೊಬ್ಬರು ಎಂದು ನಾವು ಪಾಲು ಮಾಡಿಬಿಟ್ಟಿದ್ದೇವಲ್ಲ, ಅದನ್ನು ಹೇಳದೆ ಇರಲಾರೆ.

ಹೇಳುವ ಮೊದಲು ನನ್ನ ಪುಟವನ್ನೇ ತೆರೆಯಬೇಕು.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ನಾನಾಗ ಅರಸೀಕೆರೆಯಲ್ಲಿ ಅನುದಾನವಿಲ್ಲದ ಶಾಲೆಯೊಂದರಲ್ಲಿ ಮೇಷ್ಟ್ರು. ಶಾಲೆ ಮುಚ್ಚಿತು, ಫೀಸು ಬರಲಿಲ್ಲ, ನಮ್ಮ ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಿಂತೇ ಹೋಯಿತು. ಕರ್ನಾಟಕದ ಉದ್ದಗಲಕ್ಕೂ ಆ ವರ್ಷ ನಮ್ಮಂಥ ಮೇಷ್ಟ್ರುಗಳು ಗಾರೆ ಕೆಲಸಕ್ಕೆ ಹೋದರು, ತಳ್ಳುಗಾಡಿಯಲ್ಲಿ ಹಣ್ಣು ಮಾರಿದರು. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯ ತಾಯಿ. ನಮ್ಮ ಬೀದಿಯ ಅಂಗಡಿಯನ್ನು ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಾರೆ. ಬಾಗಿಲ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂದು ಬಣ್ಣದಲ್ಲಿ ಬರೆಸಿದ್ದಾರೆ. ಆ ಬೋರ್ಡಿನ ಕೆಳಗೆ ನಿಂತು ಸಾಲ ಕೇಳಲು ನನಗೆ ನಾಲಿಗೆ ಏಳಲಿಲ್ಲ. ನನ್ನ ಮುಖ ನೋಡಿಯೇ ಅಂಗಡಿಯ ಆ ತಾಯಿ, "ತಗಂಡೋಗಿ ಮೇಷ್ಟ್ರೆ, ಆಮೇಲೆ ನೋಡನ" ಎಂದರು. ಹದಿನಾಲ್ಕು ತಿಂಗಳು ಆ 'ಆಮೇಲೆ' ನಡೆಯಿತು. ಅಕ್ಕಿ, ಬೇಳೆ, ಎಣ್ಣೆ, ಮಕ್ಕಳಿಗೆ ನೋಟ್‌ಬುಕ್ಕು. ಯುಗಾದಿಗೆ ನಾನು ಕೇಳದೆಯೇ ಒಂದು ಉಂಡೆ ಬೆಲ್ಲ ಕಟ್ಟಿಕೊಟ್ಟು, ಅದನ್ನು ಪುಸ್ತಕಕ್ಕೆ ಬರೆಯಲಿಲ್ಲ. ಬಡ್ಡಿ ಇಲ್ಲ, ಆಧಾರ್ ಪ್ರತಿ ಇಲ್ಲ, ಜಾಮೀನು ಇಲ್ಲ. ನನ್ನ ಪುಟದ ಮೇಲೆ ಬರೆದಿದ್ದು 'ಮೇಷ್ಟ್ರು, ಹುಣಸೆಮರದ ಮನೆ' ಎಂದಷ್ಟೇ.

2021ರಲ್ಲಿ ಹೊಸ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಭಾನುವಾರ ನಾನೇನು ಮಾಡಿದೆ ಗೊತ್ತೇ? ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಾಸನಕ್ಕೆ ಹೋದೆ. ಎಷ್ಟೋ ದಿನದ ಮೇಲೆ ಮಕ್ಕಳು ಕೇಳಿದ್ದನ್ನೆಲ್ಲ ತಳ್ಳುಬುಟ್ಟಿಗೆ ಹಾಕಿದೆ. ಸಂಜೆ ಎರಡೂ ಕೈಯಲ್ಲಿ ಚೀಲ ಹಿಡಿದು ಆ ಅಂಗಡಿಯ ಮುಂದೆಯೇ ನಡೆದು ಬಂದೆ. ಆಕೆ ಯಾರಿಗೋ ರವೆ ತೂಗುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ಚೀಲಗಳನ್ನು ನೋಡಿದರು, ತಲೆ ತಗ್ಗಿಸಿ ತಕ್ಕಡಿಯ ಮುಳ್ಳನ್ನೇ ನೋಡತೊಡಗಿದರು. ಒಂದು ಮಾತಿಲ್ಲ. ನನ್ನ ಬಾಕಿ ಆಗ ಹನ್ನೊಂದು ಸಾವಿರದ ನಾನೂರ ಅರವತ್ತು ರೂಪಾಯಿ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆಯನ್ನು ಎಷ್ಟು ಸಲ ಮಕ್ಕಳಿಗೆ ಪಾಠ ಹೇಳಿದ್ದೆನೋ. ಆವತ್ತು ಆ ಈರಭದ್ರ ನಾನೇ ಆಗಿದ್ದೆ.

ಇದು ನನ್ನೊಬ್ಬನ ಕಥೆಯಾಗಿದ್ದರೆ ನಿಮ್ಮ ಮುಂದೆ ತರುತ್ತಿರಲಿಲ್ಲ. ನಮ್ಮದು ತೆಂಗಿನ ಸೀಮೆ. ಇಲ್ಲಿನ ಮನೆಗಳ ಜಮಾಖರ್ಚು ಅಟ್ಟದ ಮೇಲೆ ಒಣಗುತ್ತಿರುತ್ತದೆ. ಸುಲಿಯದ ಕಾಯಿಗಳನ್ನು ಅಟ್ಟಕ್ಕೆ ಏರಿಸಿ, ಕೆಳಗಿನಿಂದ ಬಿಸಿ ತಾಗುತ್ತ, ಎಂಟು ಹತ್ತು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ, ಕಾಯಿ ಅಲ್ಲಾಡಿಸಿದರೆ ಲೊಟಲೊಟ ಎಂದು ಸದ್ದು ಬರಬೇಕು. ಆಮೇಲೆ ಸುಲಿಸಿ, ಚಿಪ್ಪು ಒಡೆಸಿ, ಉಂಡೆಗೆ ಏಟಾಗದಂತೆ ಬಿಡಿಸಿ ಚೀಲ ತುಂಬಿ ಅರಸೀಕೆರೆಯ ಎಪಿಎಂಸಿಗೋ ತಿಪಟೂರಿಗೋ ಹೊತ್ತರೆ ದುಡ್ಡು. ಅಲ್ಲಿಯವರೆಗೆ? ಆ ಎಂಟು ಹತ್ತು ತಿಂಗಳು ಆ ಮನೆಗೆ ಉಪ್ಪು, ಎಣ್ಣೆ, ಸೀಮೆ ಸುಣ್ಣದಿಂದ ಹಿಡಿದು ಸೊಳ್ಳೆ ಬತ್ತಿಯವರೆಗೆ ಒದಗಿಸಿದವರು ಯಾರು?

2023ನ್ನು ನೆನೆಸಿಕೊಳ್ಳಿ. ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಎಂಟು ಒಂಬತ್ತು ಸಾವಿರಕ್ಕೆ ಕೇಳುವವರೂ ಮುಖ ತಿರುಗಿಸುತ್ತಿದ್ದರು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಮೇಲೆ 1,500 ಸೇರಿಸಿತು, ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಹಗಲು ರಾತ್ರಿ ಎನ್ನದೆ ಸರದಿ ನಿಂತರು. ಆ ಎರಡು ವರ್ಷ ಅರಸೀಕೆರೆ ತಾಲ್ಲೂಕಿನ ಹಳ್ಳಿಹಳ್ಳಿಯ ಅಂಗಡಿ ಪುಸ್ತಕಗಳು ಎಷ್ಟು ದಪ್ಪವಾದವು ಎಂದು ಯಾವ ಇಲಾಖೆಯೂ ಲೆಕ್ಕ ಇಟ್ಟಿಲ್ಲ. ಕೊಬ್ಬರಿ ಬಿದ್ದಾಗ ನಮ್ಮ ಹೊಟ್ಟೆ ಬೀಳದಂತೆ ಹಿಡಿದದ್ದು ಯಾವ ಮಾರ್ಟೂ ಅಲ್ಲ. "ಕೊಬ್ಬರಿ ಹೋದ್ಮೇಲೆ ಕೊಡ್ತೀನಿ" ಎಂಬ ಒಂದು ಬಾಯಿಮಾತಿನ ಮೇಲೆ ಚೀಲಗಟ್ಟಲೆ ಅಕ್ಕಿ ಎತ್ತಿಕೊಟ್ಟವರು ಬಾಣಾವರ, ಜಾವಗಲ್, ಗಂಡಸಿಯ ಚಿಲ್ಲರೆ ಅಂಗಡಿಯವರು.

2025ರಲ್ಲಿ ಅದೇ ಕೊಬ್ಬರಿ ಕ್ವಿಂಟಾಲಿಗೆ 20,000 ದಾಟಿ ಓಡಿತು. ನಮ್ಮ ಸೀಮೆಯಲ್ಲಿ ಹಬ್ಬವೋ ಹಬ್ಬ. ನಾನೂ ಸಂತೋಷಪಟ್ಟೆ, ರೈತನ ಕೈಗೆ ದುಡ್ಡು ಬಂದಾಗ ಸಂಕಟಪಡುವವನು ಮನುಷ್ಯನೇ ಅಲ್ಲ. ಆದರೆ ಕೊಬ್ಬರಿ ದುಡ್ಡು ಮೊದಲು ಎಲ್ಲಿಗೆ ಹೋಯಿತು? ಬೈಕಿಗೆ, ಟಿವಿಗೆ, ಹಾಸನದ ಬಿಲ್ಲಿಗೆ. ಹಳೇ ಪುಟ ತೀರಿಸಿದವರೂ ಇದ್ದಾರೆ, ಅವರಿಗೆ ಕೈಮುಗಿಯುತ್ತೇನೆ. ತೀರಿಸದೆ ಅಂಗಡಿಯ ಮುಂದೆ ಹೋಗುವಾಗ ಬೈಕಿನ ವೇಗ ಹೆಚ್ಚಿಸುವವರೂ ಇದ್ದಾರೆ. ಸಾಲ ಹಳೆಯದಾದಷ್ಟೂ ಅಂಗಡಿಯ ದಾರಿ ದೂರವಾಗುತ್ತದೆ, ಮುಖ ತೋರಿಸಲು ನಾಚಿಕೆಯಾಗಿ ನಗದು ವ್ಯಾಪಾರವೂ ಬೇರೆ ಕಡೆಗೆ ಹೋಗುತ್ತದೆ. ಹೀಗೆ ನಂಬಿಕೊಟ್ಟ ತಪ್ಪಿಗೆ ಅಂಗಡಿಯಾತ ಬಾಕಿಯನ್ನೂ ಕಳೆದುಕೊಳ್ಳುತ್ತಾನೆ, ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ. ಇದಕ್ಕಿಂತ ಕ್ರೂರವಾದ ಲೆಕ್ಕ ನನಗೆ ಗೊತ್ತಿಲ್ಲ.

ಮಾರ್ಟ್‌ನವರು ಅಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ, ನಮ್ಮೂರ ಅಂಗಡಿಯವರಿಗೇನು ಕೊಬ್ಬು ಎಂದು ಕೇಳುವವರಿದ್ದಾರೆ. ಬೀದಿ ಅಂಗಡಿಯವರು ನೂರು ರೂಪಾಯಿಯ ಸೋಪು ಮಾರಿದರೆ ಹೆಚ್ಚೆಂದರೆ ಎಂಟೋ ಹತ್ತೋ ಉಳಿದೀತು. ಅದರಲ್ಲೇ ಬಾಡಿಗೆ, ಕರೆಂಟು, ಇಲಿ ಕಡಿದದ್ದು, ಅವಧಿ ಮೀರಿದ್ದು, ಬಾರದ ಉದ್ರಿ. ದೊಡ್ಡ ಸರಪಳಿ ಅಂಗಡಿಗಳು ಲಾರಿಗಟ್ಟಲೆ ನೇರ ಕಂಪನಿಯಿಂದ ಎತ್ತುತ್ತವೆ; ಅವುಗಳಿಗೆ ಸಿಗುವ ದರ ನಮ್ಮೂರಿಗೆ ಸರಕು ತರುವ ವಿತರಕರಿಗೇ ಸಿಗುವುದಿಲ್ಲ. ಈ ತಾರತಮ್ಯ ತಾಳಲಾರದೆ ದೇಶದ ವಿತರಕರ ಒಕ್ಕೂಟ 2022ರ ಜನವರಿಯಲ್ಲಿ ದೊಡ್ಡ ಕಂಪನಿಗಳ ವಿರುದ್ಧ ಅಸಹಕಾರಕ್ಕೇ ಇಳಿದಿತ್ತು. ನಮ್ಮ ಅಂಗಡಿಯವರು ಕೊಂಡುಕೊಳ್ಳುವ ಬೆಲೆಗಿಂತ ಕಡಿಮೆಗೆ ಅದೇ ಸೋಪು ಮಾರ್ಟ್‌ನಲ್ಲಿ ಸಿಗುತ್ತದೆ. ಬೇಲೂರಿನ ಒಬ್ಬ ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆ ಕೊಡಿ ಎಂಬ ಕಾಟ ತಾಳದೆ ನಾನೇ ಹಾಸನದ ಮಾರ್ಟ್‌ನಿಂದ ಸರಕು ತಂದು ಜೋಡಿಸುತ್ತಿದ್ದೇನೆ ಎಂದಾಗ ನನಗೆ ಮಾತು ಹೊರಡಲಿಲ್ಲ.

ಅದರ ಮೇಲೆ 2025ರ ಜುಲೈ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕೊಟ್ಟಿತು. 2021-22ರಿಂದ ಈಚೆಗೆ ಮೊಬೈಲಿಗೆ ಬಂದ ದುಡ್ಡೆಲ್ಲ ಕೂಡಿ, ವರ್ಷಕ್ಕೆ ನಲವತ್ತು ಲಕ್ಷ ಮೀರಿತು ಎಂದು. ತರಕಾರಿ, ಹಾಲು ಮಾರಿದವರಿಗೂ ಬಂತು. ಅವಕ್ಕೆ ತೆರಿಗೆಯೇ ಇಲ್ಲ. ಒಂದೇ ವಾರದಲ್ಲಿ ಕ್ಯೂಆರ್ ಕೋಡಿನ ಮೇಲೆ ಕಾಗದ ಅಂಟಿಸಿ "ನಗದು ಮಾತ್ರ" ಎಂದು ಬರೆದ ಅಂಗಡಿಗಳನ್ನು ನಾವೆಲ್ಲ ಕಂಡೆವು. ಮುಖ್ಯಮಂತ್ರಿಗಳು ಸಭೆ ಕರೆದು ಸಮಾಧಾನ ಹೇಳಿದರು, ಗಲಾಟೆ ಇಳಿಯಿತು. ಆದರೆ ಆ ದಿನಗಳಲ್ಲಿ ನಮ್ಮಲ್ಲಿ ಎಷ್ಟು ಜನ, "ಮೊಬೈಲಲ್ಲಿ ತಗೊಳ್ಳಲ್ವಾ? ಹಾಗಾದ್ರೆ ಬೇಡ ಬಿಡಿ" ಎಂದು ಬೆನ್ನು ತಿರುಗಿಸಿ ಹೋದೆವು? ಕಷ್ಟದಲ್ಲಿದ್ದವರಿಗೆ ಎಟಿಎಂವರೆಗೆ ನಡೆಯುವಷ್ಟು ಉಪಕಾರವೂ ನಮ್ಮಿಂದ ಆಗಲಿಲ್ಲ.

ಊರಿನ ಕೆಲಸ ನಡೆಯುವುದು ಯಾರ ದುಡ್ಡಿನಲ್ಲಿ ಎಂದೂ ಯೋಚಿಸಿ. ಅರಸೀಕೆರೆಯ ಗಣಪತಿ ಪೆಂಡಾಲು ಇಡೀ ಊರಿನ ಹೆಮ್ಮೆ. ರಸೀದಿ ಪುಸ್ತಕ ಹಿಡಿದು ಹೊರಟ ಹುಡುಗರು ಮೊದಲು ನಿಲ್ಲುವುದು ಬೀದಿ ಅಂಗಡಿಯ ಮುಂದೆ. ಶಾಲೆಯ ಆಟೋಟಕ್ಕೆ, ಊರಬ್ಬಕ್ಕೆ, ಹೆಣ ಎತ್ತಲು ದುಡ್ಡಿಲ್ಲದ ಮನೆಗೆ ಕೈ ಚಾಚುವುದೂ ಅಲ್ಲೇ. ಇದು ಹೊಸದಲ್ಲ. ನಮ್ಮ ನಾಡಿನ ಹಳೆಯ ಶಾಸನಗಳನ್ನು ನೋಡಿ. ಇಂತಿಷ್ಟು ಹೇರಿಗೆ ಇಷ್ಟು, ಗಾಣವೊಂದಕ್ಕೆ ಒಂದು ಸೊಲ್ಲಗೆ ಎಣ್ಣೆ ನಂದಾದೀವಿಗೆಗೆ ಎಂದು ವ್ಯಾಪಾರಿಗಳು, ಗಾಣಿಗರು ದತ್ತಿ ಬಿಟ್ಟದ್ದನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಅಯ್ಯಾವೊಳೆಯ ಐನೂರ್ವರ ವರ್ತಕ ಸಂಘ ಹೊಯ್ಸಳರ ಕಾಲದಲ್ಲಿ ತನ್ನ ವ್ಯಾಪಾರದ ಕಟ್ಟಳೆಯನ್ನು ವೀರಬಣಂಜು ಧರ್ಮ ಎಂದು ಕರೆಯಿತು. ವ್ಯಾಪಾರವನ್ನು ಧರ್ಮ ಎಂದರು ನಮ್ಮ ಹಿರಿಯರು. ಬೇಲೂರು ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಆ ಗುಡಿಯ ದೀಪಕ್ಕೆ ಎಣ್ಣೆ ಹೊಯ್ದ ಪೇಟೆಯವರ ಮಕ್ಕಳು ಮೊಮ್ಮಕ್ಕಳಂತೆ ಇವತ್ತು ಗುಡಿ ಬೀದಿಯಲ್ಲಿ ಅಂಗಡಿ ಇಟ್ಟವರು ಬಾಗಿಲು ಎಳೆಯುತ್ತಿದ್ದರೆ ನಮಗೆ ಏನೂ ಅನಿಸುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಎಲ್ಲಿ ಕೊಳ್ಳಬೇಕು ಎಂದು ನಿಮ್ಮ ಮನಸ್ಸಾಕ್ಷಿಗೆ ಕರೆ ಕೊಡುವ ಬೇರೆ ದನಿಗಳೂ ಇವೆ. 2022ರಲ್ಲಿ ಕರಾವಳಿಯಲ್ಲಿ ಎದ್ದ ಕೂಗು ಊರೂರಿಗೆ ಹಬ್ಬಿ, ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಕೊಡಬೇಡಿ, ಅವರಲ್ಲಿ ಕೊಳ್ಳಬೇಡಿ ಎಂದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬೇಲೂರಿನ ಚೆನ್ನಕೇಶವನ ತೇರಿನ ಮುಂದೆ ಖಾಜಿಯವರು ನಿಂತು ಕುರಾನ್ ಪಠಿಸುವ ಹಳೆಯ ವಾಡಿಕೆ, ವಿರೋಧದ ನಡುವೆಯೂ ನಡೆಯಿತು. ಬೇಲೂರಿನ ಜನ ಹಾಗೆ ನಿಂತದ್ದಕ್ಕೆ ನನಗೆ ಹೆಮ್ಮೆ ಇದೆ. ನಾನು ಕರೆಯುತ್ತಿರುವುದು ಆ ದಾರಿಗೆ. ಬಳೆ ಮಾರುವವರ ಹೆಸರೇನು, ಕಡಲೆಪುರಿ ಅಳೆಯುವವರು ಯಾವ ದೇವರಿಗೆ ಕೈಮುಗಿಯುತ್ತಾರೆ ಎಂದು ಕೇಳಿ ಕೊಳ್ಳುವುದು ನಮ್ಮ ಸೀಮೆಯ ರೀತಿಯಲ್ಲ. ತೂಕ ಸರಿ ಇದೆಯೇ, ಮಾತು ಸರಿ ಇದೆಯೇ, ನಮ್ಮ ಕಷ್ಟಕ್ಕೆ ಒದಗಿದವರೇ? ಇಷ್ಟು ಕೇಳಿದರೆ ಸಾಕು.

ಅಂಗಡಿಯವರೇ, ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ನನಗೆ ಹೇಳಿದ್ದನ್ನು ಕೇಳಿ. "ಸಾರ್, ಚಿಕ್ಕವಳಿದ್ದಾಗ ಊರಿನ ಅಂಗಡಿಯಲ್ಲಿ ನಮ್ಮ ಕೇರಿಯವರು ದೂರ ನಿಲ್ಲಬೇಕಿತ್ತು. ದುಡ್ಡು ಹಲಗೆ ಮೇಲೆ ಇಟ್ಟರೆ ಸಾಮಾನು ಮೇಲಿಂದ ಹಾಕೋರು. ಮಾರ್ಟ್‌ನಲ್ಲಿ ನಾನು ಯಾವ ಡಬ್ಬ ಬೇಕಾದ್ರೂ ಕೈಯಲ್ಲಿ ಎತ್ತಿ ನೋಡಬಹುದು. ಯಾರ ಮಗಳು ಅಂತ ಯಾರೂ ಕೇಳಲ್ಲ." ನಾನು ಏನು ಉತ್ತರ ಕೊಡಲಿ? ಅವಳು ನಲವತ್ತು ಕಿಲೋಮೀಟರ್ ದೂರಕ್ಕೆ ಹೋಗುವುದು ಅಗ್ಗದ ಸೋಪಿಗಲ್ಲ. ಆ ಹಲಗೆ ಇನ್ನೂ ಯಾವ ಅಂಗಡಿಯಲ್ಲಾದರೂ, ಯಾವ ರೂಪದಲ್ಲಾದರೂ ಉಳಿದಿದ್ದರೆ ಆ ಅಂಗಡಿಯ ಪರವಾಗಿ ನನ್ನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಊರಿನ ಅಂಗಡಿ ಉಳಿಯಬೇಕಾದರೆ ಅದು ಇಡೀ ಊರಿನ ಅಂಗಡಿಯಾಗಬೇಕು. ಅವಳ ಕೈಗೆ ಕೈತಾಗುವಂತೆ ಚಿಲ್ಲರೆ ಕೊಡಿ. ಬಾಗಿಲಿಂದ ಒಳಗೆ ಕರೆಯಿರಿ, ಕಪಾಟಿನ ಡಬ್ಬ ಅವಳೇ ಎತ್ತಿ ನೋಡಲಿ.

ಉದ್ರಿಯೂ ಹಗ್ಗವಾಗಬಾರದು. ಸಾಲದ ಗಿರಾಕಿಗೆ ಎರಡು ರೂಪಾಯಿ ಹೆಚ್ಚು, ಹುಳ ಬಿದ್ದ ಬೇಳೆ, ಕೇಳಲು ಬಾಯಿಲ್ಲ ಎಂಬ ಧೈರ್ಯ, ಇವೂ ನಡೆದಿವೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರ ಡಿಸೆಂಬರ್‌ನಲ್ಲಿ ಇಪ್ಪತ್ತೆಂಟು ಜನ, ನೇಕಾರರು ಮತ್ತು ಬೇರೆ ಕಸುಬಿನವರು, ಇಪ್ಪತ್ತೆಂಟು ಪೌಂಡು ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇಟ್ಟು ಒಂದು ಅಂಗಡಿ ತೆರೆದರು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಸಾಲವೂ ಇಲ್ಲ ಎಂಬುದು ಅವರ ನೇಮ. ಸಾಲದ ಅಂಗಡಿಗಳು ಅವರ ಕುತ್ತಿಗೆ ಹಿಡಿದಿದ್ದರಿಂದಲೇ ಆ ನೇಮ. ಜಗತ್ತಿನ ಗ್ರಾಹಕರ ಸಹಕಾರ ಚಳವಳಿ ಅಲ್ಲಿಂದ ಬೆಳೆಯಿತು. ನಮ್ಮಲ್ಲೂ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಹಾಸನ ಜಿಲ್ಲೆಯ ಹೆಣ್ಣುಮಕ್ಕಳು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೊಯ್ದು ನಂದಿನಿಯನ್ನು ಬೆಳೆಸಿದರು. ಹಾಗಿರುವಾಗ ಒಂದು ಪೇಟೆಯ ಹತ್ತು ಅಂಗಡಿಯವರು ಕೂಡಿ ಸಗಟು ಸರಕು ಒಟ್ಟಿಗೆ ತರಿಸಲಾಗದೇ? ಒಂದೇ ಲಾರಿ, ಒಂದೇ ದರ, ಹಂಚಿಕೊಂಡ ಬಾಡಿಗೆ. ಅಕ್ಕಪಕ್ಕದ ಅಂಗಡಿಯ ಮೇಲಿನ ಹೊಟ್ಟೆಕಿಚ್ಚನ್ನು ಒಂದು ವರ್ಷ ಬದಿಗಿಟ್ಟು ನೋಡಿ. ಸ್ತ್ರೀಶಕ್ತಿ ಸಂಘಗಳ ಹಪ್ಪಳ, ಸಾಂಬಾರ್ ಪುಡಿ, ಪಕ್ಕದ ಹಳ್ಳಿಯ ರಾಗಿ, ನಮ್ಮದೇ ಹಾಸನದ ಆಲೂಗೆಡ್ಡೆ, ಬೇಲೂರಿನ ತೋಟದ ಕಾಳುಮೆಣಸು ನಿಮ್ಮ ಮುಂದಿನ ಸಾಲಿನಲ್ಲಿ ಕೂತಿರಲಿ. ಮಾರ್ಟ್‌ನವರು ಎಷ್ಟೇ ಅಗ್ಗ ಮಾಡಿದರೂ ಇದನ್ನು ಕೊಡಲಾರರು.

ಮತ್ತೆ ಕೊಳ್ಳುವ ನಮ್ಮ ಮಾತಿಗೆ. 2023-24ರ ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ತಲೆಗೊಂದಕ್ಕೆ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಊಟ ತಿಂಡಿಗೆ. ನಾಲ್ಕು ಜನರ ಮನೆಯಾದರೆ ತಿಂಗಳಿಗೆ ಏಳು ಸಾವಿರದ ಮೇಲೆ ಹೊಟ್ಟೆಯ ಲೆಕ್ಕವೇ ಆಯಿತು. ಇದರಲ್ಲಿ ಅರ್ಧವನ್ನು ನಗದಾಗಿ ಊರಿನಲ್ಲೇ ಖರ್ಚು ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ಎಲ್ಲವನ್ನೂ ಕೇಳುವುದಿಲ್ಲ. ಹಾಸನಕ್ಕೆ ಹೋಗಲೇಬೇಡಿ ಎನ್ನುವುದಿಲ್ಲ. ಮಕ್ಕಳಿಗೆ ಒಂದು ದಿನದ ತಿರುಗಾಟ ಬೇಕು, ಕೆಲವು ಸಾಮಾನು ನಮ್ಮಲ್ಲಿ ಸಿಗುವುದೂ ಇಲ್ಲ. ಆದರೆ ಅಕ್ಕಿ, ಬೇಳೆ, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ಕಡಲೆಕಾಯಿ ಎಣ್ಣೆಗೆ ಬಸ್ಸು ಹತ್ತಬೇಡಿ. ಬಸ್ ಚಾರ್ಜು, ಅಲ್ಲಿ ತಿಂದ ಗೋಬಿ, ಬೇಡದಿದ್ದರೂ ಬುಟ್ಟಿಗೆ ಬಿದ್ದ ಮೂರನೆಯ ಬಾಟಲಿ ಎಲ್ಲ ಕೂಡಿಸಿ ಒಮ್ಮೆ ಲೆಕ್ಕ ಹಾಕಿ. ನಾನೂರ ಹನ್ನೆರಡರಲ್ಲಿ ಎಷ್ಟು ಉಳಿಯುತ್ತದೆ ನೋಡಿ. ಹನ್ನೆರಡನೆಯ ಶತಮಾನದಲ್ಲಿ, ಬೇಲೂರಿನ ಗುಡಿ ಎದ್ದ ಶತಮಾನದಲ್ಲೇ, ಆಯ್ದಕ್ಕಿ ಲಕ್ಕಮ್ಮ ಎಂಬ ಶರಣೆ ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದಳು. ಆಕೆಯನ್ನು ನೆನೆಯುವ ನಾಡಿನವರು ನಾವು.

ಸಂತೆಯಲ್ಲಿ ಸೊಪ್ಪಿನ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಜಗ್ಗಾಡಬೇಡಿ. ಬಿಲ್ಲಿನಲ್ಲಿ ಚೀಲಕ್ಕೆಂದು ಹತ್ತು ರೂಪಾಯಿ ಹಾಕಿದರೆ ತುಟಿ ಬಿಚ್ಚದ ನಾವು ಇಲ್ಲಿ ಮಾತ್ರ ಶೂರರಾಗುತ್ತೇವೆ. ಜಗ್ಗಾಡಿದರೂ ಆ ಅಜ್ಜಿ ಕೊನೆಗೆ ಒಂದು ಹಿಡಿ ಕೊಸರು ಹಾಕಿಯೇ ಕಳಿಸುತ್ತಾಳೆ. ಕೊಸರು ಎಂಬ ಮಾತೇ ಆ ಬಿಲ್ಲಿನ ಯಂತ್ರಕ್ಕೆ ತಿಳಿಯದು.

ಅರಸೀಕೆರೆಯಲ್ಲಿ ಕಸ್ತೂರಬಾ ಹೆಸರಿನ ಆಶ್ರಮವಿದೆ. ಗಾಂಧಿವಾದಿ ಯಶೋಧರಾ ದಾಸಪ್ಪನವರಂಥವರು ದುಡಿದ ಜಾಗ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಗಾಂಧೀಜಿ 1916ರಲ್ಲಿ ಮದರಾಸಿನಲ್ಲಿ ಸ್ವದೇಶಿಯ ಅರ್ಥ ಬಿಡಿಸಿ ಹೇಳಿದ್ದು ನೆನಪಾಗುತ್ತದೆ. ದೂರದ್ದನ್ನು ಬಿಟ್ಟು ತೀರ ಹತ್ತಿರದ ನೆರೆಯವರ ಸೇವೆಗೆ ನಮ್ಮನ್ನು ಕಟ್ಟಿಹಾಕಿಕೊಳ್ಳುವ ಮನೋಭಾವ ಎಂಬುದು ಅವರ ವಿವರಣೆಯ ಸಾರ. ಪರದೇಶದ ಬಟ್ಟೆ ಸುಡುವುದು ಸುಲಭ, ನಾಲ್ಕು ಜನ ನೋಡುತ್ತಾರೆ. ಪಕ್ಕದ ಮನೆಯವರ ಬಾಕಿ ತೀರಿಸುವುದನ್ನು ಯಾರೂ ನೋಡುವುದಿಲ್ಲ.

ಆದ್ದರಿಂದ ಮೊದಲು ಹಳೆಯ ಬಾಕಿ. ಒಟ್ಟಿಗೆ ಆಗದಿದ್ದರೆ ತಿಂಗಳಿಗೆ ಐನೂರು, ಅದೂ ಆಗದಿದ್ದರೆ ಇನ್ನೂರು. ಮುಖ ತಪ್ಪಿಸುವುದನ್ನು ಬಿಟ್ಟು ಎದುರು ಹೋಗಿ ನಿಲ್ಲಿ. ದೀಪಾವಳಿಗೆ ಅಂಗಡಿಯವರು ಹೊಸ ಪುಸ್ತಕ ಹಾಕುತ್ತಾರೆ. ಮೊದಲ ಹಾಳೆಗೆ ಅರಿಶಿನ ಕುಂಕುಮ ಇಟ್ಟು, ಮೇಲೆ 'ಶ್ರೀ' ಬರೆದು, ಲಕ್ಷ್ಮಿಯ ಮುಂದೆ ಇಡುತ್ತಾರೆ. ಅದಕ್ಕೂ ಮುಂಚೆ ಹಿಂದಿನ ರಾತ್ರಿ ಗಂಡ ಹೆಂಡತಿ ಕೂತು ಹಳೆ ಪುಸ್ತಕದಿಂದ ಹೊಸದಕ್ಕೆ ಬಾಕಿಗಳನ್ನು ಎತ್ತಿ ಬರೆಯುತ್ತಾರೆ. ಕೆಲವು ಹೆಸರುಗಳ ಹತ್ತಿರ ಪೆನ್ನು ನಿಲ್ಲುತ್ತದೆ. ಎತ್ತಿ ಬರೆಯುವುದೋ, ಬಿಟ್ಟುಬಿಡುವುದೋ? ಈ ಸಲ ನಿಮ್ಮ ಹೆಸರಿನ ಹತ್ತಿರ ಪೆನ್ನು ಹಾಗೆ ನಿಲ್ಲದಿರಲಿ.

ನಾನು ಹೋದದ್ದು ಆ ಚೀಲದ ಭಾನುವಾರವಾದ ಹದಿನೇಳನೆಯ ದಿನ. ಅಷ್ಟು ದಿನ ಹಿಂದಿನ ಓಣಿಯಿಂದ ಸುತ್ತಿ ಬರುತ್ತಿದ್ದೆ. ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹನ್ನೊಂದು ಸಾವಿರದ ನಾನೂರ ಅರವತ್ತನ್ನು ಹಲಗೆಯ ಮೇಲಿಡದೆ ಆಕೆಯ ಕೈಗೇ ಕೊಟ್ಟೆ. ತಪ್ಪಾಯಿತಮ್ಮ ಎಂದೆ. ಆಕೆ ಎಣಿಸಿ, ಹತ್ತು ರೂಪಾಯಿಯ ಆರು ನೋಟನ್ನು ಬೇರೆ ಇಟ್ಟು, ಉಳಿದದ್ದನ್ನು ಗಲ್ಲಾಕ್ಕೆ ಹಾಕಿದರು. ಪುಸ್ತಕ ತೆಗೆದು 'ಹುಣಸೆಮರದ ಮನೆ'ಯ ಪುಟ ಹುಡುಕಿ, ಈ ತುದಿಯಿಂದ ಆ ತುದಿಗೆ ಎರಡು ಓರೆಗೆರೆ ಎಳೆದರು. ಬೇರೆ ಇಟ್ಟಿದ್ದ ಅರವತ್ತು ರೂಪಾಯಿಯನ್ನು ನನ್ನ ಕಡೆ ತಳ್ಳಿ, "ಮಕ್ಕಳಿಗೆ ಏನಾದ್ರೂ ತಗಂಡೋಗಿ" ಎಂದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಕ್ಕಡಿಯನ್ನು ಹತ್ತಿರ ಎಳೆದುಕೊಂಡು ಕೇಳಿದರು: "ಮತ್ತೇನ್ ಕೊಡ್ಲಿ ಮೇಷ್ಟ್ರೆ?"